ಆ ಬಯಲು ಖಾಲಿ ಅಂದವರು ಯಾರು?

ಆ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ಆಕಾಶ ಎಲ್ಲಿ ಮುಗಿಯಿತು, ನೆಲ ಎಲ್ಲಿ ಶುರುವಾಯಿತು ಗೊತ್ತಾಗದ ಹಾಗೆ ಎಲ್ಲವೂ ಕನ್ನಡಿ. ಅದರ ನಡುವೆ ಒಂದು ಜೀಪು ಮೋಡದ ಮೇಲೆ ಓಡಿದಂತೆ ಓಡುತ್ತದೆ. ಇದೆಲ್ಲ ಎಡಿಟಿಂಗ್ ಬಿಡ್ರೀ ಅನ್ನುವವರಿದ್ದಾರೆ. ಎಡಿಟಿಂಗ್ ಅಲ್ಲ. ಅದು ದಕ್ಷಿಣ ಅಮೆರಿಕದ ಬೊಲಿವಿಯಾ ದೇಶದ ಊಯುನಿ ಉಪ್ಪಿನ ಬಯಲು. ವಿಸ್ತಾರ ಸುಮಾರು 10,500 ಚದರ ಕಿಲೋಮೀಟರ್, ಅಂದರೆ ನಮ್ಮ ತುಮಕೂರು ಜಿಲ್ಲೆಯಷ್ಟು ಜಾಗಕ್ಕೆ ಬರೀ ಉಪ್ಪು ಹಾಸಿದ ಹಾಗೆ. ಸಮುದ್ರ ಮಟ್ಟದಿಂದ ಸುಮಾರು 3,650 ಮೀಟರ್ ಎತ್ತರ. ಮುಳ್ಳಯ್ಯನಗಿರಿಯ ತಲೆ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಕೂರಿಸಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಡಿಸೆಂಬರಿನಿಂದ ಮಾರ್ಚಿನವರೆಗೆ ಮಳೆಗಾಲ. ಆಗ ಉಪ್ಪಿನ ಮೇಲೆ ತೆಳ್ಳಗೆ ನೀರು ನಿಲ್ಲುತ್ತದೆ. ಕನ್ನಡಿ ಅದೇ.

ಇದನ್ನು ನೋಡಲು ಹೋಗುವ ಬಹುತೇಕರು ಮೂರು ಹಗಲು, ಎರಡು ರಾತ್ರಿಯ ಟೂರು ಹಿಡಿಯುತ್ತಾರೆ. ಊಯುನಿ ಪಟ್ಟಣದಲ್ಲಿ ಜೀಪು ಹತ್ತಿ, ಆಂಡಿಸ್ ಪರ್ವತಗಳ ನೆತ್ತಿಯ ಮೇಲೆ ಸಾಗಿ, ಗಡಿ ದಾಟಿ, ಚಿಲಿ ದೇಶದ ಅಟಕಾಮಾ ಮರುಭೂಮಿಗೆ ಇಳಿಯುವುದು. ನಮ್ಮ ಬಳಗದಲ್ಲಿ ಯಾರೂ ಹೋಗಿಲ್ಲ, ಹೋಗುವಷ್ಟು ದುಡ್ಡೂ ಇಲ್ಲ. ಆದರೂ ಬರೆಯುತ್ತಿದ್ದೇವೆ. ಯಾಕೆಂದರೆ ಈ ಟೂರು ಮಾರುವವರ ಬಾಯಲ್ಲಿ ಮತ್ತೆ ಮತ್ತೆ ಬರುವುದು ಒಂದೇ ಮಾತು: ಮನುಷ್ಯರೇ ಇಲ್ಲದ ನೆಲ, ಬೇರೆ ಗ್ರಹಕ್ಕೆ ಹೋಗಿ ಬಂದ ಹಾಗೆ. ಈ ಮಾತು ನಮಗೆ ಸರಿ ಕಾಣುವುದಿಲ್ಲ. ಒಂದು ನೆಲಕ್ಕೆ ಖಾಲಿ ಎಂದು ಹೆಸರಿಟ್ಟರೆ, ನಾಳೆ ಅದನ್ನು ಯಾರು ಬೇಕಾದರೂ ಬಳಸಬಹುದು ಎಂದಾಗುತ್ತದೆ. ಗೋಮಾಳವನ್ನು ಪಾಳು ಜಾಗ ಎಂದು ಕರೆದ ಮೇಲೆ ಏನೇನಾಯಿತು ಎಂದು ನಿಮಗೆ ನಾವು ಹೇಳಬೇಕಿಲ್ಲ.

ಟೂರಿನ ದಾರಿಯನ್ನೇ ನೋಡೋಣ. ಮೊದಲ ದಿನ ಜೀಪು ನಿಲ್ಲುವುದು ಪಟ್ಟಣದ ಹೊರಗಿನ ರೈಲುಗಳ ಸ್ಮಶಾನದಲ್ಲಿ. ತುಕ್ಕು ಹಿಡಿದ ಹಳೇ ಉಗಿ ಇಂಜಿನ್‌ಗಳ ಮೇಲೆ ಹತ್ತಿ ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಇಂಜಿನ್‌ಗಳು ಬೊಲಿವಿಯಾದ ಗಣಿಗಳಿಂದ ಅದಿರು ಹೊತ್ತು ಪೆಸಿಫಿಕ್ ಸಮುದ್ರದ ಬಂದರಿಗೆ ಓಡಾಡಿದವು. ಆ ಬಂದರಿನ ಹೆಸರು ಆಂಟೊಫಗಾಸ್ತಾ. ಮೊದಲು ಅದು ಬೊಲಿವಿಯಾದ್ದೇ. 1879ರಲ್ಲಿ ಶುರುವಾದ ಯುದ್ಧದಲ್ಲಿ ಚಿಲಿ ಅದನ್ನು ಕಿತ್ತುಕೊಂಡಿತು. ಅಂದಿನಿಂದ ಬೊಲಿವಿಯಾಕ್ಕೆ ಸಮುದ್ರವೇ ಇಲ್ಲ, ಆದರೂ ಪ್ರತಿ ವರ್ಷ ಮಾರ್ಚ್ 23ರಂದು ಅವರು ಸಮುದ್ರ ದಿನ ಆಚರಿಸುತ್ತಾರೆ. ಆ ಯುದ್ಧ ಹೊತ್ತಿಕೊಂಡದ್ದು ಮರುಭೂಮಿಯ ಗೊಬ್ಬರದ ಉಪ್ಪಿಗಾಗಿ, ನೈಟ್ರೇಟಿಗಾಗಿ. ಖಾಲಿ ನೆಲಕ್ಕೆ ಯಾರೂ ಯುದ್ಧ ಮಾಡುವುದಿಲ್ಲ.

ಅಲ್ಲಿಂದ ಮುಂದೆ ಕೊಲ್ಚಾನಿ ಎಂಬ ಹಳ್ಳಿ. ಅಲ್ಲಿಯವರು ಬಯಲಿನ ಉಪ್ಪು ಕೆರೆದು ಗುಡ್ಡೆ ಹಾಕುತ್ತಾರೆ. ನೀರು ಇಳಿದ ಮೇಲೆ ಒಣಗಿಸಿ, ಪುಡಿ ಮಾಡಿ, ಅಯೋಡಿನ್ ಬೆರೆಸಿ ಪ್ಯಾಕೆಟ್ ಕಟ್ಟುತ್ತಾರೆ. ಪ್ರವಾಸಿಗರು ಸಾಲಾಗಿ ನಿಂತ ಆ ಗುಡ್ಡೆಗಳ ಫೋಟೊ ತೆಗೆಯುತ್ತಾರೆ, ಕೆರೆಯುವವರು ಕಣ್ಣು ಕುಕ್ಕುವ ಬಿಸಿಲಿಗೆ ಮುಖ ಮುಚ್ಚಿಕೊಂಡು ಕೆಲಸ ಮಾಡುತ್ತಾರೆ. 1990ರ ದಶಕದಲ್ಲಿ ಬಯಲಿನ ನಟ್ಟನಡುವೆ ಉಪ್ಪಿನ ಇಟ್ಟಿಗೆಯಲ್ಲೇ ಒಂದು ಹೋಟೆಲ್ ಕಟ್ಟಿದ್ದರು. ಗೋಡೆ, ಮಂಚ, ಮೇಜು ಎಲ್ಲ ಉಪ್ಪು. ಜಗತ್ತೆಲ್ಲ ಹೊಗಳಿತು. ಆದರೆ ಕಕ್ಕಸಿನ ನೀರು ಎಲ್ಲಿಗೆ ಹೋಗಬೇಕು? ಬಯಲು ಕೊಳೆಯಾಗತೊಡಗಿ, ಕೊನೆಗೆ 2002ರಲ್ಲಿ ಹೋಟೆಲನ್ನು ಅಲ್ಲಿಂದ ಬಿಚ್ಚಬೇಕಾಯಿತು. ಆಮೇಲೆ ಬಯಲಿನ ಅಂಚಿನಲ್ಲಿ ಹೊಸದು ಕಟ್ಟಿದರು.

ಎರಡನೇ ದಿನ ದಾರಿ ಇನ್ನೂ ಮೇಲೇರುತ್ತದೆ. ಕೆಂಪು ನೀರಿನ ಲಗುನಾ ಕೊಲೊರಾದಾ ಕೆರೆ ಸುಮಾರು 4,280 ಮೀಟರ್ ಎತ್ತರದಲ್ಲಿದೆ. ನೀರಿನ ಪಾಚಿಯಿಂದ ಆ ಬಣ್ಣ. ಅದೇ ಪಾಚಿ ತಿಂದು ಫ್ಲೆಮಿಂಗೊ ಹಕ್ಕಿಗಳ ರೆಕ್ಕೆಯೂ ಗುಲಾಬಿ. ಜಗತ್ತಿನಲ್ಲಿರುವ ಆರು ಜಾತಿಯ ಫ್ಲೆಮಿಂಗೊಗಳಲ್ಲಿ ಮೂರು ಇಲ್ಲೇ ಕಾಣುತ್ತವೆ. ಜೂನ್-ಜುಲೈ ರಾತ್ರಿಗಳಲ್ಲಿ ಚಳಿ ಸೊನ್ನೆಗಿಂತ 15 ಡಿಗ್ರಿ ಕೆಳಗಿಳಿಯುವುದು ಮಾಮೂಲು. ಇಷ್ಟು ಎತ್ತರದಲ್ಲಿ ನೀರು ಸುಮಾರು 86 ಡಿಗ್ರಿಗೇ ಕುದಿಯುತ್ತದೆ, ಅಂದರೆ ಕುಕ್ಕರ್ ಇಲ್ಲದೆ ಕಾಳು ಬೇಯಿಸಲು ಅರ್ಧ ದಿನ ಬೇಕು. ಅಂಥ ಜಾಗದಲ್ಲಿ ಬಂದವರಿಗೆ ಬಿಸಿ ಸೂಪು, ಕಿನೊವಾ, ಲಾಮಾ ಮಾಂಸ ಬಡಿಸುವವರು ಯಾರು? ಅಲ್ಲಿಯ ಕೆಚುವಾ ಜನ. ಲಾಮಾ ಮೇಯಿಸುವುದು ಅವರ ಹಳೇ ಕಸುಬು. ಕಿನೊವಾ ಅವರ ರಾಗಿ ಇದ್ದ ಹಾಗೆ. ಬೊಲಿವಿಯಾ ಕೇಳಿಕೊಂಡಿದ್ದಕ್ಕೆ ವಿಶ್ವಸಂಸ್ಥೆ 2013ನ್ನು ಕಿನೊವಾ ವರ್ಷ ಎಂದು ಸಾರಿತು, ಹತ್ತು ವರ್ಷದ ಮೇಲೆ ನಮ್ಮ ಸಿರಿಧಾನ್ಯಕ್ಕೆ ಮಾಡಿದಂತೆ. ರೇಟು ಗಗನಕ್ಕೇರಿ ಆಮೇಲೆ ಧೊಪ್ಪನೆ ಬಿತ್ತು. ಅದರ ಕಥೆ ಇನ್ನೊಮ್ಮೆ ಬರೆಯುತ್ತೇವೆ.

ಡ್ರೈವರ್ ಬಗ್ಗೆಯೂ ಒಂದು ಮಾತು. ಈ ಟೂರಿನಲ್ಲಿ ಗೈಡ್, ಮೆಕ್ಯಾನಿಕ್, ಎಷ್ಟೋ ಸಲ ಅಡುಗೆಯವ ಎಲ್ಲ ಅವನೇ. ರಸ್ತೆ ಇಲ್ಲ, ಬೋರ್ಡ್ ಇಲ್ಲ, ದೂರದ ಬೆಟ್ಟವೇ ಗುರುತು. ಕಡಿಮೆ ರೇಟಿನ ಟೂರು ಎಂದರೆ ಆ ಕಡಿತ ಬೀಳುವುದು ಅವನ ನಿದ್ದೆಗೆ, ಗಾಡಿಯ ಟೈರಿಗೆ. 2008ರಲ್ಲಿ ಈ ಬಯಲಿನ ಮೇಲೆ ಎರಡು ಜೀಪುಗಳು ಮುಖಾಮುಖಿ ಡಿಕ್ಕಿಯಾಗಿ 13 ಜನ ಸತ್ತರು. ತುಮಕೂರು ಜಿಲ್ಲೆಯಷ್ಟು ಅಗಲದ, ಒಂದು ಮರವೂ ಅಡ್ಡ ಬಾರದ ಬಯಲಿನಲ್ಲಿ.

ಮೂರನೇ ದಿನ ಬೆಳಗಿನ ಜಾವವೇ ಹೊರಟು, ಸುಮಾರು 4,900 ಮೀಟರ್ ಎತ್ತರದಲ್ಲಿ ನೆಲದಿಂದ ಬುಸುಗುಡುವ ಬಿಸಿ ಉಗಿ ನೋಡಿ, 5,916 ಮೀಟರಿನ ಲಿಕಾಂಕಾಬುರ್ ಜ್ವಾಲಾಮುಖಿಯ ಬುಡದ ಹಸಿರು ಕೆರೆ ದಾಟಿ, ಗಡಿಗೆ ಬರುತ್ತಾರೆ. ಅಲ್ಲಿಂದ ಒಂದು ಗಂಟೆಯಲ್ಲಿ ಎರಡು ಸಾವಿರ ಮೀಟರ್ ಇಳಿದರೆ ಚಿಲಿಯ ಸಾನ್ ಪೆದ್ರೊ ದೆ ಅಟಕಾಮಾ. ಟೂರು ಮುಗಿಯಿತು. ನಮ್ಮ ಮಾತು ಇಲ್ಲಿಂದ ಶುರು.

ಸಾನ್ ಪೆದ್ರೊ ಸುತ್ತಲಿನ ಮೂಲನಿವಾಸಿಗಳು ಲಿಕಾನ್ ಆಂತಾಯ್ ಜನ. ಪ್ರವಾಸಿಗರು ಮುಗಿಬೀಳುವ ಚಂದ್ರನ ಕಣಿವೆ ಸರ್ಕಾರದ ಸಂರಕ್ಷಿತ ಪ್ರದೇಶದೊಳಗಿದೆ. ಆದರೆ ಗೇಟು ನಡೆಸುವುದು ಈ ಜನರ ಸಂಘ. ಅಲ್ಲಿಂದ ಉತ್ತರಕ್ಕೆ, 4,300 ಮೀಟರ್ ಎತ್ತರದಲ್ಲಿ, ಎಂಬತ್ತರಷ್ಟು ಬಿಸಿನೀರ ಬುಗ್ಗೆಗಳಿರುವ ತಾತಿಯೊ ಇದೆ. ಅದನ್ನು ನಡೆಸುವುದು ತೊಕೊನ್ಸೆ, ಕಾಸ್ಪಾನಾ ಎಂಬ ಎರಡು ಹಳ್ಳಿಗಳು. ಟಿಕೆಟ್ ಕೊಡುವವರು, ಕುದಿಯುವ ಗುಂಡಿಯ ಹತ್ತಿರ ಹೋಗಬೇಡಿ ಎಂದು ಗದರುವವರು, ಕಲ್ಲಿನ ಗೆರೆ ಹಾಕಿ ದಾರಿ ತೋರಿಸುವವರು ಊರವರೇ.

2009ರಲ್ಲಿ ತಾತಿಯೊ ಪಕ್ಕದಲ್ಲಿ ಭೂಮಿಯ ಬಿಸಿಯಿಂದ ಕರೆಂಟ್ ತೆಗೆಯುತ್ತೇವೆ ಎಂದು ಒಂದು ಕಂಪನಿ ಬೋರ್ ಕೊರೆಯಿತು. ಊರುಗಳಲ್ಲಿ ಒಮ್ಮತ ಇರಲಿಲ್ಲ. ಕಂಪನಿಯ ಜೊತೆ ಮಾತಿಗೆ ಕೂತವರೂ ಇದ್ದರು, ಬೀದಿಗಿಳಿದವರೂ ಇದ್ದರು. ಆ ಸೆಪ್ಟೆಂಬರಿನಲ್ಲಿ ಒಂದು ಬೋರ್ ಕೈತಪ್ಪಿ, ಸುಮಾರು 60 ಮೀಟರ್ ಎತ್ತರದ ಉಗಿ ಕಂಬ ಹೆಚ್ಚೂಕಡಿಮೆ ಒಂದು ತಿಂಗಳು ಭುಸುಗುಟ್ಟಿತು. ಗಲಾಟೆ ಜೋರಾಯಿತು, ಯೋಜನೆ ನಿಂತಿತು. ಬುಗ್ಗೆಗಳಿಂದ ಅನ್ನ ತಿನ್ನುವ ಜನ ಅಲ್ಲಿದ್ದಾರೆ ಎಂಬುದು ಎಲ್ಲರಿಗೂ ಗೊತ್ತಿದ್ದರಿಂದ ವಿರೋಧಕ್ಕೆ ತೂಕ ಬಂತು ಎಂಬುದು ನಮ್ಮ ಅಭಿಪ್ರಾಯ. ಚಹಾ ಮಾರುವ ಊರಿಗೂ ಗೇಟು ಕಾಯುವ ಊರಿಗೂ ಇರುವ ವ್ಯತ್ಯಾಸ ಇಷ್ಟೇ.

ಗೇಟು ಇದ್ದರೆ ಎಲ್ಲ ಸರಿಹೋಗುತ್ತದೆ ಎಂದು ನಾವು ಹೇಳುತ್ತಿಲ್ಲ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಸಾನ್ ಪೆದ್ರೊದ ದಕ್ಷಿಣಕ್ಕೆ ಅಟಕಾಮಾ ಉಪ್ಪಿನ ಬಯಲು. ಅಲ್ಲಿ ನೆಲದಡಿಯ ಉಪ್ಪುನೀರನ್ನು ಪಂಪ್ ಮಾಡಿ, ದೊಡ್ಡ ದೊಡ್ಡ ಹೊಂಡಗಳಲ್ಲಿ ಒಂದು ವರ್ಷಕ್ಕೂ ಮಿಕ್ಕಿ ಬಿಸಿಲಿಗೆ ಒಣಗಿಸಿ ಲಿಥಿಯಂ ತೆಗೆಯುತ್ತಾರೆ. ಈ ಬರಹ ಓದುತ್ತಿರುವ ನಿಮ್ಮ ಫೋನಿನ ಬ್ಯಾಟರಿಯೊಳಗೆ ಇರುವುದು ಅದೇ ಲೋಹ. ಆ ಉಪ್ಪುನೀರು ಕುಡಿಯಲು ಬರುವುದಿಲ್ಲ, ತೆಗೆದರೆ ಏನು ನಷ್ಟ ಎಂಬುದು ಒಂದು ವಾದ. ಬಯಲಿನ ಅಂಚಿನ ಸಿಹಿನೀರಿಗೂ ಅದಕ್ಕೂ ಒಳಗೊಳಗೇ ನಂಟಿದೆ ಎಂಬುದು ಹಳ್ಳಿಗಳ ವಾದ. ಪಕ್ಕದ ಬೋರ್ ಕೊರೆದಾಗ ತಮ್ಮ ಬಾವಿ ಬತ್ತಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಲ್ಬಮಾರ್ಲ್ ಎಂಬ ಅಮೆರಿಕದ ಕಂಪನಿ 2016ರಲ್ಲಿ, ತನ್ನ ಅಲ್ಲಿನ ಮಾರಾಟದ ಶೇ 3.5ರಷ್ಟನ್ನು ಈ ಊರುಗಳ ಒಕ್ಕೂಟಕ್ಕೆ ಕೊಡುವ ಒಪ್ಪಂದ ಮಾಡಿಕೊಂಡಿತು. ಇನ್ನೊಂದು ಕಂಪನಿಯ ಪರಿಸರ ಯೋಜನೆಯ ವಿರುದ್ಧ ಪೈನೆ, ಕಮಾರ್ ಹಳ್ಳಿಗಳು ಕೋರ್ಟಿಗೆ ಹೋದವು. 2019ರ ಡಿಸೆಂಬರಿನಲ್ಲಿ ಆಂಟೊಫಗಾಸ್ತಾದ ಪರಿಸರ ನ್ಯಾಯಾಲಯ ಆ ದೂರನ್ನು ಎತ್ತಿಹಿಡಿಯಿತು. ಹಳ್ಳಿಗಳ ಹತ್ತಿರ ಸಂಘ ಇತ್ತು, ಲೆಕ್ಕ ಇತ್ತು, ಒಟ್ಟಿಗೆ ಕೂತು ಜಗಳ ಆಡಿ ಅಭ್ಯಾಸ ಇತ್ತು. ಹಾಗಾಗಿ ಕೋರ್ಟಿನವರೆಗೂ ಹೋಗಲು ಆಯಿತು ಎಂದು ನಮಗನ್ನಿಸುತ್ತದೆ.

ಇದು ಅಷ್ಟು ದೂರದ ವಿಷಯವೂ ಅಲ್ಲ. 2024ರ ಜನವರಿಯಲ್ಲಿ ನಮ್ಮ ಕೇಂದ್ರ ಸರ್ಕಾರದ ಕಾಬಿಲ್ ಕಂಪನಿ, ಅದೇ ಆಂಡಿಸ್ ಸೀಮೆಯ ಅರ್ಜೆಂಟೀನಾದಲ್ಲಿ ಐದು ಕಡೆ ಲಿಥಿಯಂ ಹುಡುಕಲು ಒಪ್ಪಂದ ಮಾಡಿಕೊಂಡಿತು. ಮಂಡ್ಯ ಜಿಲ್ಲೆಯ ಮರಳಗಾಲ-ಅಲ್ಲಾಪಟ್ಟಣ ಭಾಗದಲ್ಲಿ 1,600 ಟನ್ ಲಿಥಿಯಂ ಇರಬಹುದೆಂದು 2021ರಲ್ಲಿ ಅಂದಾಜಿಸಲಾಯಿತು. ಅಟಕಾಮಾದ ಲೆಕ್ಕದಲ್ಲಿ ಇದು ಚಿಟಿಕೆಯಷ್ಟು. ಅಲ್ಲಿ ಉಪ್ಪುನೀರು, ಇಲ್ಲಿ ಬಂಡೆ. ತೆಗೆಯುವ ಬಗೆಯೂ ಬೇರೆ. ಊರವರನ್ನು ಮೊದಲು ಕೇಳುತ್ತಾರೋ ಕೊನೆಗೆ ಕೇಳುತ್ತಾರೋ ಎಂಬ ಪ್ರಶ್ನೆ ಮಾತ್ರ ಎರಡೂ ಕಡೆ ಒಂದೇ.

ಹೊರದೇಶದಲ್ಲಿ ಕೆಲಸದಲ್ಲಿರುವ ನಿಮ್ಮೂರ ಹುಡುಗ ಹುಡುಗಿಯರು ಯಾರಾದರೂ ಈ ಟೂರಿಗೆ ಹೊರಟರೆ ಇದನ್ನು ಫಾರ್ವರ್ಡ್ ಮಾಡಿ. ಊಯುನಿಗೆ ಹೋದ ದಿನವೇ ಜೀಪು ಹತ್ತಬೇಡಿ. ಎತ್ತರಕ್ಕೆ ಮೈ ಒಗ್ಗಲು ಎರಡು ದಿನವಾದರೂ ಬೇಕು. ಇಲ್ಲದಿದ್ದರೆ ತಲೆ ಸಿಡಿತ, ವಾಂತಿ, ಕೆಲವರಿಗೆ ಜೀವಕ್ಕೇ ಅಪಾಯ. ಡ್ರೈವರ್ ಹಿಂದಿನ ರಾತ್ರಿ ನಿದ್ದೆ ಮಾಡಿದ್ದಾನೋ ಇಲ್ಲವೋ ಕೇಳಿ. ಕಸ ವಾಪಸ್ ತನ್ನಿ. ಹಳ್ಳಿಯ ಗೇಟಿನಲ್ಲಿ ಟಿಕೆಟ್ ಕೇಳಿದರೆ ಚೌಕಾಸಿ ಮಾಡದೆ ಕೊಡಿ.

ಹೋಗಿ ಬಂದವರು ಬರೆದು ಕಳಿಸಿದರೆ ಇಲ್ಲಿ ಹಾಕುತ್ತೇವೆ. ಕನ್ನಡಿ ಫೋಟೊ ಬೇಡ, ಅದು ಎಲ್ಲರ ಹತ್ತಿರವೂ ಇದೆ. ರಾತ್ರಿ ನಿಮಗೆ ಸೂಪು ಬಡಿಸಿದವರು ಯಾವ ಊರಿನವರು, ಅವರ ಲಾಮಾಗಳು ಎಲ್ಲಿ ಮೇಯುತ್ತವೆ, ಆ ಸೂಪಿನ ನೀರು ಎಲ್ಲಿಂದ ಬಂತು, ಇಷ್ಟು ಕೇಳಿಕೊಂಡು ಬನ್ನಿ.