ಅರ್ಧ ಸಾಅ್ ಖರ್ಜೂರದ ತೂಕ

ದಾನ ಮಾಡಬೇಕೆಂಬ ಆಜ್ಞೆ ಬಂದಾಗ ಪ್ರವಾದಿವರ್ಯರ(ಸ) ಬಡ ಸಂಗಾತಿಗಳು ಮಾರುಕಟ್ಟೆಗೆ ಹೋಗಿ, ಪರರ ಹೊರೆ ಹೊತ್ತು, ಬಂದ ಕೂಲಿಯಲ್ಲಿಯೇ ದಾನ ಮಾಡುತ್ತಿದ್ದರು. ಅಬೂ ಅಕೀಲ್(ರ) ಎಂಬವರು ಹೀಗೆ ದುಡಿದು ತಂದದ್ದು ಅರ್ಧ ಸಾಅ್ ಖರ್ಜೂರ. ಈದುಲ್ ಫಿತ್ರ್‌ನಂದು ನಮ್ಮ ಮನೆಗಳಲ್ಲಿ ಒಬ್ಬೊಬ್ಬರ ಹೆಸರಿನಲ್ಲಿ ಕೊಡುವ ಗೋಧಿಯ ಅಳತೆಯೂ ಅಷ್ಟೇ. ಇಷ್ಟು ಅಲ್ಪ ದಾನದ ಅಗತ್ಯ ಅಲ್ಲಾಹನಿಗಿಲ್ಲವೆಂದು ಕಪಟವಿಶ್ವಾಸಿಗಳು ನಕ್ಕರು. ಇನ್ನೊಬ್ಬರು ಹೆಚ್ಚು ತಂದಾಗ, ಅದು ತೋರಿಕೆಗಾಗಿ ಎಂದರು. ಪವಿತ್ರ ಕುರ್‌ಆನಿನ ಅತ್ತೌಬಾ ಅಧ್ಯಾಯದ 79ನೆಯ ಸೂಕ್ತವು ಹೀಗೆ ಅಪಹಾಸ್ಯ ಮಾಡಿದವರನ್ನು ಕಠಿಣವಾಗಿ ಖಂಡಿಸುತ್ತದೆ. ದುಡಿಮೆಯ ಹೊರತು ಕೊಡಲು ಬೇರೇನೂ ಇಲ್ಲದವನ ಗೌರವವನ್ನು ಕಾಯಲು ದಿವ್ಯವಾಣಿಯೇ ಇಳಿಯಿತು. ಸಣ್ಣ ದಾನವನ್ನು ಕಡೆಗಣಿಸುವವರು ಈ ಘಟನೆಯನ್ನು ಮತ್ತೆ ಮತ್ತೆ ನೆನೆಯಬೇಕು.

ಕೊರೋನಾದ ದಿನಗಳನ್ನು ನಾವು ಬಹುಬೇಗ ಮರೆಯುತ್ತಿದ್ದೇವೆ. ದೇಶದ ಮೊದಲ ಕೋವಿಡ್ ಸಾವು ಸಂಭವಿಸಿದ್ದು ನಮ್ಮ ರಾಜ್ಯದ ಕಲಬುರಗಿಯಲ್ಲಿ, 2020ರ ಮಾರ್ಚ್‌ನಲ್ಲಿ. ಅದೇ ತಿಂಗಳ 27ರಂದು ಶಿರಾದ ಹಿರಿಯರೊಬ್ಬರ ಮರಣದೊಂದಿಗೆ ಆ ಭಯ ನಮ್ಮ ತುಮಕೂರು ಜಿಲ್ಲೆಯ ಹೊಸ್ತಿಲನ್ನೂ ದಾಟಿತು. ಅಷ್ಟರಲ್ಲಿ ಲಾಕ್‌ಡೌನ್ ಬಂದಾಗಿತ್ತು. ಗುಬ್ಬಿ, ಕುಣಿಗಲ್, ಸಿ.ಎಸ್. ಪುರದಂತಹ ಊರುಗಳಲ್ಲಿ ಸಂತೆಯನ್ನು ನಂಬಿದ ಚಿಲ್ಲರೆ ವ್ಯಾಪಾರಿ, ತೆಂಗಿನಕಾಯಿ ಸುಲಿಯುವ ಕೂಲಿಯಾಳು, ಗ್ಯಾರೇಜಿನ ಹುಡುಗ, ಬೀಡಿ ಕಟ್ಟುವ ತಾಯಿ, ಇವರೆಲ್ಲರ ಅಂದಂದಿನ ಅನ್ನ ಅಂದಂದೇ ನಿಂತಿತು.

ಆಗ ಕೋಲಾರದ ಇಬ್ಬರು ಸಹೋದರರು ತಮ್ಮ ನಿವೇಶನವನ್ನು 25 ಲಕ್ಷ ರೂಪಾಯಿಗೆ ಮಾರಿ ಹಸಿದವರಿಗೆ ಊಟ, ದಿನಸಿ ಹಂಚಿದರು. ಬೆಂಗಳೂರಿನಲ್ಲಿ ಹಲವಾರು ಸೇವಾಸಂಸ್ಥೆಗಳು ‘ಮರ್ಸಿ ಮಿಷನ್’ ಹೆಸರಿನಲ್ಲಿ ಒಂದಾದವು. 2021ರ ಎರಡನೆಯ ಅಲೆಯಲ್ಲಿ, ಬಂಧುಗಳೇ ಮುಟ್ಟಲು ಹೆದರಿದ ಶವಗಳಿಗೆ ಮುಸ್ಲಿಮ್ ಸ್ವಯಂಸೇವಕರು ಮತಭೇದವಿಲ್ಲದೆ ಹೆಗಲು ಕೊಟ್ಟರು. ದಫನವನ್ನೂ ದಹನವನ್ನೂ ಆಯಾ ಧರ್ಮದ ವಿಧಿಯಂತೆ ನಡೆಸಿಕೊಟ್ಟರು. ಇವೆಲ್ಲ ಸುದ್ದಿಯಾದವು, ಆಗಲೇಬೇಕಿತ್ತು. ಆದರೆ ಪತ್ರಿಕೆಗೆ ಎಟುಕದ ಇನ್ನೊಂದು ದಾನವಿತ್ತು. ಮಸೀದಿಯ ಬಾಗಿಲು ಮುಚ್ಚಿದ್ದರೂ ಡಬ್ಬಿಗೆ ಬಿದ್ದ ಹತ್ತು ರೂಪಾಯಿ, ಪಕ್ಕದ ಮನೆಗೆ ದಾಟಿದ ಒಂದು ಸೇರು ಅಕ್ಕಿ, ಈದ್‌ನ ಹೊಸ ಬಟ್ಟೆಗೆಂದು ಕೂಡಿಟ್ಟು ರೇಷನ್ ಕಿಟ್‌ಗೆ ಕೊಟ್ಟ ಹಣ. ನಮ್ಮ ಓಣಿಗಳು ಬದುಕುಳಿದದ್ದು ಬಹುಪಾಲು ಈ ಹೆಸರಿಲ್ಲದ ದಾನದಿಂದ.

‘ನಮ್ಮ ಹತ್ತು ರೂಪಾಯಿಯಿಂದ ಆಗುವುದೇನು?’ ಎಂದು ಕೇಳುವವರಿದ್ದಾರೆ. ಲೆಕ್ಕ ಮಾಡಿ ನೋಡೋಣ. ಎಂಬತ್ತು ಮನೆಗಳ ಒಂದು ಜಮಾಅತ್. ಪ್ರತಿ ಮನೆಯೂ ದಿನಕ್ಕೆ ಎರಡು ರೂಪಾಯಿ ತೆಗೆದಿಟ್ಟರೆ ವರ್ಷಕ್ಕೆ 58,400 ರೂಪಾಯಿ. ಒಂದು ಚಹಾದ ಬೆಲೆಗೂ ಸಾಲದ ಮೊತ್ತವಿದು. ಆದರೆ ಸಿ.ಎಸ್. ಪುರದಿಂದ ತುಮಕೂರಿನ ಜಿಲ್ಲಾ ಆಸ್ಪತ್ರೆಗೆ ನಡುರಾತ್ರಿಯಲ್ಲಿ ರೋಗಿಯನ್ನು ಒಯ್ಯಬೇಕಾದಾಗ, ವಾಹನದ ಬಾಡಿಗೆಗಾಗಿ ಯಾರ ಮುಂದೆಯೂ ಕೈಯೊಡ್ಡಬೇಕಾಗದು. ಸಕ್ಕರೆ ಕಾಯಿಲೆಯ ಮುದುಕಿಯ ಮಾತ್ರೆ ತಪ್ಪದು. ಒಂದು ದಿರ್ಹಮ್ ಲಕ್ಷ ದಿರ್ಹಮ್‌ಗಳನ್ನು ಮೀರಿಸಬಲ್ಲದೆಂದು ಪ್ರವಾದಿವರ್ಯರು(ಸ) ಕಲಿಸಿದರು. ಇದ್ದ ಎರಡರಲ್ಲಿ ಒಂದನ್ನು ಕೊಟ್ಟವನ ದಾನವದು; ಲಕ್ಷ ಕೊಟ್ಟವನದು ಅಪಾರ ಸಂಪತ್ತಿನ ಒಂದಂಚು. ಕೊಟ್ಟ ಮೇಲೆ ಕೈಯಲ್ಲಿ ಉಳಿದದ್ದೆಷ್ಟು ಎಂಬುದರಿಂದಲೂ ದಾನದ ತೂಕ ನಿರ್ಧಾರವಾಗುತ್ತದೆ.

‘ಜನರ ಆರೋಗ್ಯ ಸರಕಾರದ ಹೊಣೆಯಲ್ಲವೇ?’ ಎಂಬುದು ಮತ್ತೊಂದು ಪ್ರಶ್ನೆ. ನಿಸ್ಸಂಶಯವಾಗಿ ಹೌದು. 2021ರ ಮೇ ತಿಂಗಳಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ಒಂದೇ ದಿನ 24 ರೋಗಿಗಳು ಮೃತಪಟ್ಟ ದುರಂತಕ್ಕೆ ಯಾವ ಮೊಹಲ್ಲಾದ ಡಬ್ಬಿಯೂ ಉತ್ತರವಾಗಲಾರದು. ಆಸ್ಪತ್ರೆ, ವೈದ್ಯರು, ಆಮ್ಲಜನಕ, ಇವನ್ನು ನಾವು ಹಕ್ಕಾಗಿ ಕೇಳಬೇಕು; ದಾನವು ಆ ಕೇಳಿಕೆಯ ಬಾಯಿ ಮುಚ್ಚಿಸಬಾರದು. ಆದರೆ ಆಂಬುಲೆನ್ಸ್‌ಗೆ ಕರೆ ಹೋದ ಮೇಲೆ ಅದು ಬಾಗಿಲಿಗೆ ಬರುವ ತನಕ ರೋಗಿಯ ಬಳಿ ಇರುವವನು ನೆರೆಯವನೊಬ್ಬನೇ. ಆ ಹೊತ್ತಿನ ಹೊಣೆಯನ್ನು ಯಾವ ಸರಕಾರವೂ ಹೊರಲಾರದು.

ಮನಸ್ಸಿಗೆ ನೋವಾದರೂ ಹೇಳಲೇಬೇಕಾದ ಮಾತೊಂದಿದೆ. 2020ರ ಏಪ್ರಿಲ್‌ನಲ್ಲಿ ರೋಗ ಹರಡಿದ ಆಪಾದನೆ ಇಡೀ ಸಮುದಾಯದ ಮೇಲೆ ಬಿತ್ತು. ತರಕಾರಿ ಗಾಡಿಯವನ ಹೆಸರು ಕೇಳಿ ಮುಖ ತಿರುಗಿಸಿದವರಿದ್ದರು. ಅದೇ ವರ್ಷದ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು, ತಬ್ಲೀಗ್‌ಗೆ ಬಂದಿದ್ದ ವಿದೇಶಿಯರನ್ನು ಬಲಿಪಶುಗಳನ್ನಾಗಿಸಲಾಯಿತೆಂಬ ಅಭಿಪ್ರಾಯವನ್ನು ದಾಖಲಿಸಿ ಮೊಕದ್ದಮೆಗಳನ್ನು ರದ್ದುಪಡಿಸಿತು. ಆ ಅವಮಾನದ ನಡುವೆಯೂ ನಮ್ಮವರು ಕೊಟ್ಟರು. ಅದನ್ನು ಸ್ಮರಿಸಿ, ನಾವು ಒಳ್ಳೆಯವರೆಂದು ಆಗ ಸಾಬೀತಾಯಿತು ಎಂದು ಕೆಲವರು ಹೆಮ್ಮೆಪಡುತ್ತಾರೆ. ನನಗೆ ಈ ಮಾತು ಒಪ್ಪಿಗೆಯಿಲ್ಲ. ಪ್ರಮಾಣಪತ್ರಕ್ಕಾಗಿ ಕೊಟ್ಟದ್ದು ದಾನವಲ್ಲ, ಜಾಹೀರಾತು. ಅನಾಥನಿಗೂ ಬಡವನಿಗೂ ಸೆರೆಯಾಳಿಗೂ ಉಣಿಸಿ, ಪ್ರತಿಫಲವನ್ನಾಗಲಿ ಕೃತಜ್ಞತೆಯನ್ನಾಗಲಿ ಬಯಸದವರನ್ನು ಕುರ್‌ಆನ್ ಪ್ರಶಂಸಿಸಿದೆ. ಆ ಕಾಲದ ಸೆರೆಯಾಳು ಎದುರು ಪಾಳೆಯದವನೇ ಆಗಿರುತ್ತಿದ್ದ ಎಂಬುದನ್ನು ಗಮನಿಸಿ. ನಮ್ಮನ್ನು ಸಂಶಯದಿಂದ ನೋಡಿದವನ ಮನೆಯಲ್ಲಿ ಒಲೆ ಉರಿಯದಿದ್ದರೆ ಅಲ್ಲಿಗೂ ಅಕ್ಕಿ ತಲುಪಬೇಕು. ಅವನ ಅಭಿಪ್ರಾಯ ಬದಲಾಗಲಿ, ಬದಲಾಗದಿರಲಿ.

ಇದೇ ಕಾರಣಕ್ಕೆ, ಕಿಟ್ ಕೊಡುವಾಗ ಫೋಟೋ ತೆಗೆಯುವ ಚಟವನ್ನು ನಾವು ಬಿಡಬೇಕು. ಪಡೆಯುವ ಕೈ ಯಾರದೆಂದು ಇಡೀ ವಾಟ್ಸ್ಆ್ಯಪ್ ಗುಂಪಿಗೆ ತಿಳಿಯುವ ಅಗತ್ಯವಿಲ್ಲ. ನೋವುಂಟುಮಾಡುವ ದಾನಕ್ಕಿಂತ ಒಂದು ಒಳ್ಳೆಯ ಮಾತೇ ಮೇಲೆಂಬುದು ಕುರ್‌ಆನಿನ ಬೋಧನೆ. ಆದರೆ ಹಣದ ಲೆಕ್ಕ ಮಾತ್ರ ಬಹಿರಂಗವಾಗಿರಲಿ. ಬಂದದ್ದೆಷ್ಟು, ಹೋದದ್ದೆಷ್ಟು ಎಂದು ತಿಂಗಳಿಗೊಮ್ಮೆ ಮಸೀದಿಯ ಫಲಕದಲ್ಲಿ ಬರೆದರೆ ಎರಡು ರೂಪಾಯಿ ಕೊಟ್ಟವನಿಗೂ ವಿಶ್ವಾಸ ಹುಟ್ಟುತ್ತದೆ. ಝಕಾತ್‌ನ ಹಣವನ್ನೂ ಸದಕಾದ ಹಣವನ್ನೂ ಬೇರೆ ಬೇರೆ ಇಡಬೇಕು. ಝಕಾತ್‌ನ ಹಕ್ಕುದಾರರನ್ನು ಕುರ್‌ಆನ್ ಎಂಟು ವರ್ಗಗಳಲ್ಲಿ ನಿಗದಿಪಡಿಸಿದೆ. ಸದಕಾಕ್ಕೆ ಅಂತಹ ಮಿತಿಯಿಲ್ಲ. ಯಾವ ಧರ್ಮದ ನೆರೆಯವನಿಗೂ ಅದು ಸಲ್ಲುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಈ ಕೆಲಸ ಮಹಾಮಾರಿಯ ಬರವಿಗಾಗಿ ಕಾಯಬಾರದು. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆ ಫಲವೇನು? ಮಿತವಾದರೂ ನಿರಂತರವಾಗಿರುವ ಕರ್ಮವೇ ಅಲ್ಲಾಹನಿಗೆ ಹೆಚ್ಚು ಪ್ರಿಯವೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಮನೆಯ ಮಕ್ಕಳ ಕೈಯಿಂದಲೇ ದಿನವೂ ಎರಡು ರೂಪಾಯಿ ಡಬ್ಬಿಗೆ ಬೀಳಲಿ. ನೆರೆಯವನ ಕಾಯಿಲೆ ತನಗೂ ಸಂಬಂಧಿಸಿದ್ದೆಂಬ ಪಾಠವನ್ನು ಮಗು ಮನೆಯಲ್ಲಿಯೇ ಕಲಿಯಲಿ. ಅಬೂ ಅಕೀಲರ(ರ) ಅರ್ಧ ಸಾಅ್ ಅನ್ನು ಸ್ವೀಕರಿಸಿದ ಕರುಣಾಮಯನಾದ ಅಲ್ಲಾಹನು ನಮ್ಮ ಸಣ್ಣ ಕಾಣಿಕೆಗಳನ್ನೂ ಸ್ವೀಕರಿಸಲಿ, ನಮ್ಮ ಊರುಗಳನ್ನು ರೋಗರುಜಿನಗಳಿಂದ ಕಾಪಾಡಲಿ. ಆಮೀನ್.