ನಿದ್ದೆಗೆ ಕಾನೂನು ಇಲ್ವಾ?



ಹೋದ ತಿಂಗಳು ಸಭೆ ಮುಗಿದು ಜಮಖಾನೆ ಮಡಿಚುವ ಹೊತ್ತಿಗೆ ಹಾಸ್ಟೆಲ್ಲಿನ ಒಬ್ಬ ಹುಡುಗ ಹತ್ತಿರ ಬಂದು ನಿಂತ. ಅವನ ಅಣ್ಣ ಲಾರಿ ಡ್ರೈವರ್. ಹೊಸಪೇಟೆ ಕಡೆಯಿಂದ ಮಂಗಳೂರಿಗೆ ಲೋಡು ಹೊಡೆಯುವವನು. ಬೆಳಗಿನ ಜಾವ ಶಿರಾಡಿ ಘಾಟಿಯಲ್ಲಿ ಕಣ್ಣು ಮುಚ್ಚಿತು, ಲಾರಿ ಚರಂಡಿಗೆ ಇಳಿಯಿತು. ಜೀವ ಉಳಿದಿದೆ, ಕಾಲು ಮುರಿದಿದೆ. ಪೊಲೀಸರು ಬರೆದುಕೊಂಡದ್ದು 'ಅತಿವೇಗ ಮತ್ತು ಅಜಾಗರೂಕತೆ'. ಮಾಲೀಕ ಹೇಳಿದ್ದು 'ಕುಡಿದಿರಬೇಕು'. ಹುಡುಗ ಕೇಳಿದ: "ನಮ್ಮಣ್ಣ ಕುಡಿಯೋನಲ್ಲ ಸಾರ್. ಎರಡು ರಾತ್ರಿ ಮಲಗಿರಲಿಲ್ಲ. ಕುಡಿಯೋಕೆ ಕಾನೂನು ಇದೆಯಲ್ಲ, ನಿದ್ದೆಗೆ ಕಾನೂನು ಇಲ್ವಾ?"

ಇದೆ. ಅರವತ್ತು ವರ್ಷಗಳಿಂದಲೂ ಇದೆ. ಅವನ ಅಣ್ಣನಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆ ಹೇಳಿದ್ದು ಇಷ್ಟು: ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ದುಡಿಮೆ. ದೂರದ ದಾರಿಗೆ ಅನುಮತಿ ಪಡೆದರೆ ದಿನಕ್ಕೆ 10, ವಾರಕ್ಕೆ 54, ಅದರ ಮೇಲಿಲ್ಲ. 5 ಗಂಟೆ ದುಡಿದ ಮೇಲೆ ಅರ್ಧ ಗಂಟೆಯಾದರೂ ವಿರಾಮ. ಒಂದು ದಿನದ ಕೆಲಸ ಮುಗಿದು ಮಾರನೆ ದಿನದ ಕೆಲಸ ಹಿಡಿಯುವ ನಡುವೆ ಒಟ್ಟಿಗೆ 9 ಗಂಟೆ ಬಿಡುವು. ವಾರಕ್ಕೊಂದು ರಜೆ. ಹೆಚ್ಚಿಗೆ ದುಡಿಸಿದರೆ ಎರಡು ಪಟ್ಟು ಕೂಲಿ. ರಾತ್ರಿ ತಂಗಬೇಕಾದ ಕಡೆ ಮಲಗಲು ಕೋಣೆ! ನಮ್ಮೋರು ಎಲ್ಲಿ ಮಲಗುತ್ತಾರೆ ಅಂತ ನಿಮಗೆ ಗೊತ್ತು. ಲಾರಿ ಅಡಿಯ ನೆರಳಲ್ಲಿ, ಇಲ್ಲವೇ ಧಾಬಾದ ಹಗ್ಗದ ಮಂಚದ ಮೇಲೆ.

ಈಗ ಆ ಕಾಯಿದೆ 2020ರ ಔದ್ಯೋಗಿಕ ಸುರಕ್ಷತೆ ಸಂಹಿತೆಯೊಳಗೆ ಸೇರಿಹೋಗಿದೆ. ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂತು. 8 ಗಂಟೆ ಉಳಿದಿದೆ, ಎರಡು ಪಟ್ಟು ಕೂಲಿಯೂ ಉಳಿದಿದೆ. ಆದರೆ ಎರಡು ಕಡೆ ಕತ್ತರಿ ಆಡಿದೆ. ವಿರಾಮ ಎಷ್ಟು ಅನ್ನೋದನ್ನು ಹಳೆ ಕಾಯಿದೆ ತನ್ನೊಳಗೇ ಬರೆದಿತ್ತು. ಹೊಸದು ಅದನ್ನು ಸರ್ಕಾರದ ಅಧಿಸೂಚನೆಗೆ ಬಿಟ್ಟಿದೆ. ಎರಡನೆಯದು ಇದಕ್ಕಿಂತ ಕೆಟ್ಟದ್ದು. ಹಳೆ ಕಾಯಿದೆ 5 ಜನ ಕೆಲಸಗಾರರಿದ್ದ ಕಡೆಯೇ ಲಾಗೂ ಆಗುತ್ತಿತ್ತು, ಹೊಸದಕ್ಕೆ 10 ಜನ ಬೇಕು. ನಮ್ಮ ಕಡೆ ಲಾರಿ ಇಟ್ಟವರಲ್ಲಿ ಎಷ್ಟು ಜನರ ಹತ್ತಿರ 10 ಆಳಿದ್ದಾರೆ? ಒಂದು ಲಾರಿ, ಎರಡು ಲಾರಿಯ ಮಾಲೀಕರೇ ಜಾಸ್ತಿ. ಅವರ ಡ್ರೈವರು ಯಾವ ಬಾಗಿಲು ತಟ್ಟಬೇಕು?

ತಟ್ಟಲು ಒಂದು ಬಾಗಿಲಿದೆ. 1988ರ ಮೋಟಾರು ವಾಹನ ಕಾಯಿದೆಯ 91ನೇ ಕಲಂ, ಸಾರಿಗೆ ವಾಹನ ಓಡಿಸುವ ಯಾರೇ ಆಗಲಿ ಅವರ ದುಡಿಮೆಯ ಗಂಟೆಗಳನ್ನು 1961ರ ಕಾಯಿದೆಯ ಅಳತೆಗೆ ಕಟ್ಟಿತು. ಅದರಲ್ಲಿ ಆಳುಗಳ ಲೆಕ್ಕ ಕೇಳಿಲ್ಲ. 2025ರಲ್ಲಿ ಸುಪ್ರೀಂ ಕೋರ್ಟು ಕೂಡ, ಈ ಗಂಟೆಗಳನ್ನು ಜಾರಿ ಮಾಡುವ ದಾರಿ ಹುಡುಕಿ ಅಂತ ಕೇಂದ್ರಕ್ಕೆ ಹೇಳಿತು. ಅಂದರೆ ಜಾರಿಯಾಗಿಲ್ಲ ಅನ್ನೋದು ಕೋರ್ಟಿಗೂ ಗೊತ್ತು.

ಇನ್ನು ಕಾಯುವ ಮಾತು. ಡ್ರೈವರು ಸ್ಟೇರಿಂಗು ಹಿಡಿದಷ್ಟೇ ಹೊತ್ತು ಗೋಡೌನಿನ ಗೇಟಿನ ಮುಂದೆ ಕಾಯುತ್ತಾನೆ. ಲೋಡಿಗೆ ಕಾಯಬೇಕು, ತೂಕಕ್ಕೆ ಕಾಯಬೇಕು, ಬಿಲ್ಲಿಗೆ ಕಾಯಬೇಕು. ಹಳೆ ಕಾಯಿದೆಯೂ ಹೊಸ ಸಂಹಿತೆಯೂ ನಿಲ್ದಾಣದಲ್ಲಿ ಸುಮ್ಮನೆ ಹಾಜರಿದ್ದು ಕಾಯುವುದು 15 ನಿಮಿಷದೊಳಗಿದ್ದರೆ ಕೆಲಸ ಅಂತ ಬರೆದಿವೆ. ಆರು ಗಂಟೆ ಕಾದರೆ? ಮಾಲೀಕ ಅದನ್ನು 'ರೆಸ್ಟು' ಅನ್ನುತ್ತಾನೆ. ಹಿಂದಿನ ಲಾರಿಯವನು ಹಾರನ್ ಹೊಡೆದಾಗಲೆಲ್ಲ ಎದ್ದು ಹತ್ತಡಿ ಮುಂದೆ ಸರಿಸುವುದು ಯಾವ ಸೀಮೆ ರೆಸ್ಟು? ಹೀಗೆ ಹಗಲೆಲ್ಲ 'ರೆಸ್ಟು' ಮಾಡಿದವನು ಸಂಜೆ ಹೊರಟು, ಬೆಳಗ್ಗೆಗೆ ಊರು ಮುಟ್ಟಬೇಕು.

17 ಗಂಟೆ ಎದ್ದೇ ಇರುವವನ ಕೈ ಕಣ್ಣು, ರಕ್ತದಲ್ಲಿ 100 ಮಿಲಿಲೀಟರಿಗೆ 50 ಮಿಲಿಗ್ರಾಂ ಮದ್ಯ ಇರುವವನ ಹಾಗೆ ಮಂದವಾಗುತ್ತವೆ ಅಂತ ವಿಜ್ಞಾನಿಗಳು ಅಳೆದು ನೋಡಿದ್ದಾರೆ. ನಮ್ಮ ದೇಶದಲ್ಲಿ ಡ್ರೈವರಿಗೆ ಮದ್ಯದ ಮಿತಿ 30 ಮಿಲಿಗ್ರಾಂ. ಊದಿಸಿ ನೋಡುವ ಯಂತ್ರ ಪೊಲೀಸರ ಹತ್ತಿರ ಇದೆ. ನಿದ್ದೆಗೆಟ್ಟವನನ್ನು ಹಿಡಿಯುವ ಯಂತ್ರ ಯುರೋಪಿನ ಲಾರಿಗಳಲ್ಲಿದೆ, ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ನಿಲ್ಲಿಸಲೇಬೇಕು. ಇಲ್ಲಿ ಸಿಕ್ಕಿದ್ದು ಟೀ ಮತ್ತು ಗುಟ್ಕಾ.

ಬಳ್ಳಾರಿ ಸೀಮೆಯ ಹುಡುಗರಿಗೆ ಇದನ್ನೆಲ್ಲ ನಾವು ಹೇಳಬೇಕಾಗಿಲ್ಲ. ಅದಿರಿನ ಕಾಲದಲ್ಲಿ ಸಂಡೂರು, ಹೊಸಪೇಟೆಯಿಂದ ಅರಬೈಲು ಘಾಟಿ ಇಳಿದು ಬೇಲೆಕೇರಿ ತನಕ ಲಾರಿಗಳ ಸಾಲು. ಟ್ರಿಪ್ಪಿನ ಲೆಕ್ಕದಲ್ಲಿ ದುಡ್ಡು, ಹಾಗಾಗಿ ನಿದ್ದೆ ಅಂದರೆ ನಷ್ಟ. 2011ರಲ್ಲಿ ಲೋಕಾಯುಕ್ತ ವರದಿ ಬಂತು, ಸುಪ್ರೀಂ ಕೋರ್ಟು ಗಣಿ ನಿಲ್ಲಿಸಿತು. ಮಣ್ಣು ಎಷ್ಟು ಟನ್ನು ಹೋಯಿತು ಅಂತ ಲೆಕ್ಕ ಹಾಕಿದರು. ಕ್ಯಾಬಿನ್ನಿನಲ್ಲಿ ಎಷ್ಟು ಜೀವ ಹೋಯಿತು ಅನ್ನುವ ಲೆಕ್ಕವನ್ನು ನಾವೆಲ್ಲೂ ಓದಿಲ್ಲ.

ಇದು ದಲಿತರ ಸಮಸ್ಯೆಯಾ ಅಂತ ನಮ್ಮ ಗೆಳೆಯರಲ್ಲೇ ಕೆಲವರು ಕೇಳಿದರು. ಹೊಲವಿಲ್ಲದ ಮನೆಯ ಹುಡುಗ ಹತ್ತನೇ ಕ್ಲಾಸು ಬಿಟ್ಟು ಕ್ಲೀನರ್ ಆಗಿ ಹತ್ತುತ್ತಾನೆ. ಅವನು ಯಾವ ಕೇರಿಯವನು ಅಂತ ಕೇಳಿ ನೋಡಿ. ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯರ ಮಂಡಳಿಯಲ್ಲಿ ಕಾರ್ಮಿಕ ಖಾತೆ ಹೊತ್ತಿದ್ದರು. ಕಾರ್ಖಾನೆಯ ವಾರದ ದುಡಿಮೆ 54 ಗಂಟೆಯಿಂದ 48ಕ್ಕೆ ಇಳಿದದ್ದು 1946ರ ತಿದ್ದುಪಡಿಯಿಂದ. ಗಡಿಯಾರದ ಜಗಳ ನಮಗೆ ಹೊಸದಲ್ಲ.

ಆ ಹುಡುಗನಿಗೆ ನಾವು ಹೇಳಿದ್ದನ್ನೇ ನಿಮಗೂ ಹೇಳುತ್ತೇವೆ. ಒಂದು ನಲವತ್ತು ಪುಟದ ನೋಟ್‌ಬುಕ್ಕು ತಗೊಳ್ಳಿ. ನಿಮ್ಮ ಅಣ್ಣನೋ ಚಿಕ್ಕಪ್ಪನೋ ಲಾರಿಯಲ್ಲಿದ್ದರೆ ರಾತ್ರಿ ಫೋನು ಮಾಡಿ ಕೇಳಿ, ನೀವೇ ಬರೆಯಿರಿ: ಎಷ್ಟು ಗಂಟೆಗೆ ಹೊರಟದ್ದು, ಎಲ್ಲಿ ನಿಂತದ್ದು, ಗೇಟಿನಲ್ಲಿ ಎಷ್ಟು ಹೊತ್ತು ಕಾದದ್ದು, ಕಣ್ಣು ಮುಚ್ಚಿ ಮಲಗಿದ್ದು ಎಷ್ಟು ಗಂಟೆ. ಟೋಲಿನ ಚೀಟಿ, ತೂಕದ ಚೀಟಿ ಬಿಸಾಡಬೇಡಿ ಅನ್ನಿ. ಅದರಲ್ಲಿ ಹೊತ್ತು ಅಚ್ಚಾಗಿರುತ್ತದೆ. ಕಾರ್ಮಿಕ ಇಲಾಖೆಯ ಮುಂದೆ ಬಾಯಿಮಾತು ನಿಲ್ಲುವುದಿಲ್ಲ, ಚೀಟಿ ನಿಲ್ಲುತ್ತದೆ. ಅಪಘಾತದ ಕೇಸಿನಲ್ಲೂ 'ಅಜಾಗರೂಕತೆ' ಅನ್ನುವ ಮಾತಿಗೆ ಎದುರಾಗಿ ಇಡಲು ಅದೊಂದೇ ಇರಬಹುದು.

ಆ ಹುಡುಗ ಅಣ್ಣನ ಅಂಗಿ ಜೇಬಿನಿಂದ ಏಳು ಚೀಟಿ ಹುಡುಕಿ ತಂದಿದ್ದಾನೆ. ಒಂದರ ಮೇಲೆ ರಕ್ತ ಅಂಟಿದೆ, ಆದರೂ ಹೊತ್ತು ಓದಬಹುದು. ಮುಂದಿನ ಭಾನುವಾರ ಕೂತು ಗಂಟೆ ಕೂಡುತ್ತೇವೆ. ಲೆಕ್ಕ ಬಲ್ಲವರು ಇಬ್ಬರಾದರೂ ಬನ್ನಿ.