ಸುಟ್ಟ ಎಣ್ಣೆ ಬಿಟ್ಟಿ ಸೌದೆಯಲ್ಲ

ಹೊಸೂರು, ತಳಿ, ದೆಂಕಣಿಕೋಟೆ ಸೀಮೆ ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿದೆ. ಮಾರ್ಗಶಿರ, ಪುಷ್ಯ ಬಂತೆಂದರೆ ಬೆಳಗಿನ ಜಾವ ಹಲ್ಲು ಕಟಕಟ ಅನ್ನುತ್ತೆ. ಬಚ್ಚಲೊಲೆಗೆ ಬೆಂಕಿ ಹಾಕದೆ ವಿಧಿಯಿಲ್ಲ. ಹಿಂದೆ ಬದುವಿನ ಜಾಲಿ, ಹೊಂಗೆ, ತೆಂಗಿನ ಮಟ್ಟೆ ಇದ್ದವು. ಈಗ ಹೊಲಗಳೇ ಲೇಔಟುಗಳಾಗುತ್ತಿವೆ, ಬದು ಎಲ್ಲಿಂದ ಬರಬೇಕು? ಹಾಗಾಗಿ ಕೆಲವು ಮನೆಗಳಲ್ಲಿ ಹೊಸ ಸೌದೆಯೊಂದು ಬಳಕೆಗೆ ಬಂದಿದೆ. ಅದು ಗಾಡಿಗಳಿಂದ ಇಳಿಸಿದ ಎಂಜಿನ್ ಎಣ್ಣೆ.

ಈ ಎಣ್ಣೆಗೆ ನಮ್ಮಲ್ಲಿ ಬರವಿಲ್ಲ. 1970ರ ದಶಕದಲ್ಲಿ ಸಿಪ್‌ಕಾಟ್ ಬಂದ ಮೇಲೆ ಹೊಸೂರು ಕಾರ್ಖಾನೆಗಳ ಊರಾಯಿತು. ಬೆಂಗಳೂರು-ಕೃಷ್ಣಗಿರಿ ಹೆದ್ದಾರಿಯಲ್ಲಿ ಹಗಲೂ ರಾತ್ರಿ ಲಾರಿ. ಬೈಕಿಗೆ ಒಂದು ಲೀಟರು, ಟ್ರಾಕ್ಟರಿಗೆ ಆರೆಂಟು ಲೀಟರು, ಲಾರಿಗೆ ಅದಕ್ಕೂ ಹೆಚ್ಚು. ಕನ್ನಡದಲ್ಲಿ ಸುಟ್ಟ ಎಣ್ಣೆ, ತೆಲುಗಿನಲ್ಲಿ ನಲ್ಲ ನೂನೆ, ಮೆಕ್ಯಾನಿಕ್ಕಿನ ಬಾಯಲ್ಲಿ ವೇಸ್ಟ್ ಆಯಿಲ್. ಹೆಸರು ಮೂರಾದರೂ ವಿಷ ಒಂದೇ.

ಬೇರೆಯವರಿಗೆ ಬುದ್ಧಿ ಹೇಳುವ ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ನಾನೂ ಟ್ರಾಕ್ಟರಿನ ಎಣ್ಣೆಯನ್ನು ಹಳೇ ಔಷಧಿ ಕ್ಯಾನಿಗೆ ತುಂಬಿ ಕೊಟ್ಟಿಗೆ ಹಿಂದೆ ಇಡುತ್ತಿದ್ದೆ. ಮರದ ಹೊಟ್ಟಿಗೆ ಕಲಸಿ ಒಲೆಗೆ ಹಾಕಿದರೆ ಧಗಧಗ ಉರಿಯೋದು. ಕಾಸಿಲ್ಲದ ಬೆಂಕಿ ಅಂತ ನನಗೆ ಹಿಗ್ಗೋ ಹಿಗ್ಗು. ಹಂಡೆ ಮಸಿ ಹಿಡಿದು ಉಜ್ಜಿದರೂ ಹೋಗದಾಯಿತು. ಒಂದು ದಿನ ಮನೆಯಾಕೆ ಕೆಮ್ಮುತ್ತಲೇ ಅಂದಳು: "ನೀವು ಪದ್ಯ ಕಟ್ಕೊಂಡು ಜಗಲಿ ಮೇಲೆ ಕೂತಿರ್ತೀರ. ಈ ಹೊಗೆ ಕುಡಿಯೋಳು ನಾನು." ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಹಿಂಗಾರು ಮಳೆಯ ಒಂದು ರಾತ್ರಿ ಆ ಕ್ಯಾನು ಉರುಳಿಬಿತ್ತು. ಬೆಳಗ್ಗೆ ನೋಡಿದರೆ ದನದ ತೊಟ್ಟಿಯ ನೀರಿನ ಮೇಲೆ ಕಾಮನಬಿಲ್ಲು. ಹಸು ಮೂಸಿ ನೋಡಿ ಮುಖ ತಿರುಗಿಸಿತು. ಬಾವಿ ಅಲ್ಲಿಂದ ಇಪ್ಪತ್ತೇ ಹೆಜ್ಜೆ. ಮಗನೂ ನಾನೂ ಎಣ್ಣೆ ಕುಡಿದ ಮಣ್ಣನ್ನೆಲ್ಲ ಬಗೆದು ತೆಗೆಯುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ದನಕ್ಕಿದ್ದ ಬುದ್ಧಿ ಎಸ್ಸೆಸ್ಸೆಲ್ಸಿ ಓದಿದ ನನಗಿರಲಿಲ್ಲ.

ಒಂದು ಸಲ ಗಾಡಿಯಿಂದ ಇಳಿಸಿದ ಎಣ್ಣೆ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ಎಂಜಿನ್ನಿನೊಳಗೆ ಸವೆದ ಲೋಹದ ಪುಡಿ, ಸತುವು, ಅರೆಬೆಂದ ಇಂಧನದ ಮಸಿ ಎಲ್ಲವೂ ಅದರಲ್ಲಿ ಸೇರಿರುತ್ತವೆ. ಒಲೆಯಲ್ಲಿ ಸುಟ್ಟರೆ ಅವು ಎಲ್ಲಿಗೂ ಓಡಿಹೋಗುವುದಿಲ್ಲ. ಕೆಲವು ಹೊಗೆಯಾಗಿ ಎದೆಗೆ ಇಳಿಯುತ್ತವೆ, ಕೆಲವು ಬೂದಿಯಲ್ಲಿ ಉಳಿಯುತ್ತವೆ. ಅದೇ ಬೂದಿಯನ್ನು ನಾವು ತಿಪ್ಪೆಗೆ ಹಾಕಿ ರಾಗಿ ಹೊಲಕ್ಕೆ ಹೊಡೆಯುತ್ತೇವೆ!

ಚಳಿ ದೇಶಗಳಲ್ಲಿ ಇದನ್ನು ಸುಟ್ಟು ಶೆಡ್ಡು ಕಾಯಿಸುತ್ತಾರಲ್ಲ ಎಂದು ಒಬ್ಬ ಗೆಳೆಯ ವಾದಿಸಿದ. ನಿಜ. ಆದರೆ ಅಲ್ಲಿ ಅದಕ್ಕೆಂದೇ ಮಾಡಿದ ಒಲೆ ಇದೆ, ಹೊಗೆ ಹೊರಹೋಗಲು ಕೊಳವೆ ಇದೆ, ಮೇಲೆ ಕಾನೂನಿದೆ. ನಮ್ಮದು ಮೂರು ಕಲ್ಲಿನ ಒಲೆ, ಹೆಂಚಿನ ಸಂದಿಯೇ ಚಿಮಣಿ.

ಹಾಗಾದರೆ ಮಾಡುವುದೇನು? ಎಣ್ಣೆ ಸವೆಯುವುದಿಲ್ಲ, ಕೊಳೆಯಾಗುತ್ತದೆ ಅಷ್ಟೆ. ಶುದ್ಧಿ ಮಾಡಿದರೆ ಮತ್ತೆ ಎಂಜಿನ್ನಿಗೆ ಬರುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಇದನ್ನು ಪರವಾನಗಿ ಇದ್ದವರೇ ಶುದ್ಧಿ ಮಾಡಬೇಕೆನ್ನುತ್ತವೆ. 2024ರ ಏಪ್ರಿಲ್ 1ರಿಂದ ಎಣ್ಣೆ ತಯಾರಿಸುವ ಕಂಪನಿಗಳ ಮೇಲೂ ಮರುಬಳಕೆಯ ಹೊಣೆ ಬಿದ್ದಿದೆ. ಆದರೆ ಆ ಹೊಣೆ ನನ್ನ ಕೊಟ್ಟಿಗೆ ತನಕ ಇನ್ನೂ ನಡೆದು ಬಂದಿಲ್ಲ.

ನಾವು ಮಾಡಬಹುದಾದ್ದು ಇಷ್ಟು. ಬಿಗಿ ಮುಚ್ಚಳದ ಗಟ್ಟಿ ಕ್ಯಾನಿನಲ್ಲಿ ಎಣ್ಣೆಯೊಂದನ್ನೇ ತುಂಬಬೇಕು. ನೀರು, ಪೆಟ್ರೋಲು, ಔಷಧಿ ಬೆರೆತರೆ ಶುದ್ಧಿ ಮಾಡುವವರಿಗೂ ಬೇಡವಾಗುತ್ತೆ. ಬಾವಿಗೆ, ಒಲೆಗೆ, ಮಕ್ಕಳ ಕೈಗೆ ದೂರವಾಗಿ, ಮಳೆ ಬೀಳದ ಕಡೆ, ತಳದಲ್ಲಿ ತಟ್ಟೆಯಿಟ್ಟು ಇಡಬೇಕು. ಪಂಚಾಯ್ತಿಯವರು ಊರಿಗೊಂದು ಡ್ರಮ್ಮು ಇಟ್ಟು, ಪರವಾನಗಿ ಇದ್ದವರನ್ನು ತಿಂಗಳಿಗೊಮ್ಮೆ ಕರೆಸಲಿ. ಅದರ ಮೇಲೆ ತಮಿಳಿನ ಜೊತೆಗೆ ಕನ್ನಡ, ತೆಲುಗಿನಲ್ಲೂ ಎರಡು ಸಾಲು ಬರೆಸಲಿ. ಇಲ್ಲಿ ಒಲೆ ಹಚ್ಚುವ ಅಜ್ಜಿಯರು ಎಷ್ಟೋ ಮಂದಿ ಆ ಭಾಷೆಯವರು.

ಕೆಲವರಪಳ್ಳಿ ಅಣೆಕಟ್ಟಿನಲ್ಲಿ ನೊರೆ ಎದ್ದಾಗಲೆಲ್ಲ ನಾವು ಮೇಲಿನ ಬೆಂಗಳೂರಿನವರನ್ನು ಬೈಯುತ್ತೇವೆ. ಬೈಯಬೇಕಾದ್ದೇ. ಆದರೆ ದಕ್ಷಿಣ ಪಿನಾಕಿನಿ ನಮ್ಮಲ್ಲಿ ನಿಲ್ಲುವುದಿಲ್ಲ, ಕೃಷ್ಣಗಿರಿ ಕಡೆಗೂ ಹೋಗುತ್ತದೆ. ಅಲ್ಲಿನವರ ಪಾಲಿಗೆ ನಾವೇ ಮೇಲಿನವರು. ನೀರಿಗೆ ಗಡಿಯಿಲ್ಲ ಎಂಬುದನ್ನು ಗಡಿಯವರಾದ ನಮಗೆ ಬೇರೆ ಯಾರು ಹೇಳಿಕೊಡಬೇಕು?